ಕಟ್ಟಡ ಮಾಹಿತಿ ಮಾದರಿ: ಹೇಳಿಕೆ ಎಷ್ಟು, ಹುರುಳು ಎಷ್ಟು?

ಹೊಸದಾಗಿ ಗಿಲಾವು ಮಾಡಿದ ಗೋಡೆಯನ್ನು ಉಳಿ, ಸುತ್ತಿಗೆ ಹಿಡಿದು ಮತ್ತೆ ಕೊರೆಯುತ್ತಿರುವುದನ್ನು ನೀವು ನೋಡಿರಬಹುದು. ನಲ್ಲಿಯ ಕೊಳವೆಗೆ ದಾರಿ ಬಿಟ್ಟಿಲ್ಲ. ವಿದ್ಯುತ್ ತಂತಿಯ ಕೊಳವೆ ಹೋಗಬೇಕಾದ ಕಡೆ ತೊಲೆ ಬಂದಿದೆ. ಕಿಟಕಿಯ ಚೌಕಟ್ಟು ಬಿಟ್ಟ ಜಾಗಕ್ಕಿಂತ ಅಗಲವಾಗಿದೆ. ಇಂಥ ತಪ್ಪುಗಳಿಗೆ ಸಾಮಾನ್ಯವಾಗಿ ಮೇಸ್ತ್ರಿಯನ್ನು ದೂರುತ್ತೇವೆ. ಆದರೆ ವಿಚಾರಿಸಿ ನೋಡಿದರೆ, ವಾಸ್ತುಶಿಲ್ಪಿಯ ನಕ್ಷೆ ಒಂದು ಹೇಳುತ್ತದೆ, ರಚನಾ ಎಂಜಿನಿಯರರ ನಕ್ಷೆ ಇನ್ನೊಂದು ಹೇಳುತ್ತದೆ, ಪ್ಲಂಬರನ ಕೈಯಲ್ಲಿರುವ ಹಾಳೆ ಮತ್ತೊಂದು ಹೇಳುತ್ತದೆ. ಒಂದೇ ಕಟ್ಟಡದ ಬಗ್ಗೆ ಮೂರು ಮಾಹಿತಿಗಳು, ಮೂರಕ್ಕೂ ಪರಸ್ಪರ ಸಂಬಂಧವಿಲ್ಲ.

ಈ ತೊಂದರೆಗೆ ಮದ್ದು ಎಂದು ಎರಡು ದಶಕಗಳಿಂದ ಮುಂದಿಡಲಾಗುತ್ತಿರುವ ವಿಧಾನವೇ 'ಕಟ್ಟಡ ಮಾಹಿತಿ ಮಾದರಿ ರಚನೆ'. ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ 'ಬಿಮ್' ಎಂಬ ಕಿರುಹೆಸರೇ ಹೆಚ್ಚು ಬಳಕೆಯಲ್ಲಿದೆ. ವೆಚ್ಚ ಕಡಿಮೆಯಾಗುತ್ತದೆ, ಸಮಯ ಉಳಿಯುತ್ತದೆ, ತಪ್ಪುಗಳು ಮೊದಲೇ ಸಿಕ್ಕಿಬೀಳುತ್ತವೆ, ಕಟ್ಟಡ ಎದ್ದುನಿಂತ ಮೇಲೂ ಅದರ ನಿರ್ವಹಣೆ ಸುಲಭವಾಗುತ್ತದೆ ಎಂಬುವು ಇದರ ಪರವಾದ ಹೇಳಿಕೆಗಳು. ಈ ಹೇಳಿಕೆಗಳನ್ನು ಒಂದೊಂದಾಗಿ ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ. ತಂತ್ರಾಂಶ ಮಾರುವವರ ಕಿರುಹೊತ್ತಿಗೆಯನ್ನು ಪಾಠವೆಂದು ಓದುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಿರುವುದರಿಂದ ಇದು ಅಗತ್ಯವೂ ಹೌದು.

ಗೆರೆಯಿಂದ ವಸ್ತುವಿಗೆ

ಮೊದಲು ಬಿಮ್ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಗಣಕಯಂತ್ರದಲ್ಲಿ ನಕ್ಷೆ ಬರೆಯುವುದೇ ಬಿಮ್ ಅಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್‌ಲೆಂಡ್ ರೂಪಿಸಿದ 'ಸ್ಕೆಚ್‌ಪ್ಯಾಡ್' ಗಣಕದ ತೆರೆಯ ಮೇಲೆ ಚಿತ್ರ ಬರೆಯುವುದನ್ನು ತೋರಿಸಿಕೊಟ್ಟಿತು. 1982ರಲ್ಲಿ ಬಂದ ಆಟೋಕ್ಯಾಡ್ ನಕ್ಷೆಗಾರರ ಮೇಜನ್ನೇ ಬದಲಿಸಿತು. ಆದರೂ ಅದರಲ್ಲಿ ಗೋಡೆಯೆಂದರೆ ಎರಡು ಸಮಾಂತರ ಗೆರೆಗಳು ಮಾತ್ರ. ಅವು ಗೋಡೆಯನ್ನು ಸೂಚಿಸುತ್ತವೆ ಎಂಬುದು ನೋಡುವವರ ತಲೆಯಲ್ಲಿತ್ತೇ ಹೊರತು ಯಂತ್ರಕ್ಕೆ ತಿಳಿದಿರಲಿಲ್ಲ.

ಇದಕ್ಕೆ ಭಿನ್ನವಾದ ದಾರಿಯನ್ನು ತೋರಿಸಿದವರಲ್ಲಿ ಪ್ರಮುಖರು ಚಾರ್ಲ್ಸ್ ಈಸ್ಟ್‌ಮನ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದಾಗ 1970ರ ದಶಕದ ಮಧ್ಯಭಾಗದಲ್ಲಿ ಅವರು 'ಕಟ್ಟಡ ವಿವರಣಾ ವ್ಯವಸ್ಥೆ'ಯೊಂದನ್ನು ರೂಪಿಸಿದರು. ಕಟ್ಟಡದ ಭಾಗಗಳನ್ನು ಗೆರೆಗಳಾಗಿ ಅಲ್ಲ, ವಸ್ತುಗಳಾಗಿ ಗಣಕದಲ್ಲಿ ದಾಖಲಿಸಬೇಕು. ಒಮ್ಮೆ ಮಾಡಿದ ಬದಲಾವಣೆ ಎಲ್ಲ ನಕ್ಷೆಗಳಲ್ಲೂ ತಾನಾಗಿಯೇ ಕಾಣಿಸಬೇಕು ಎಂಬುದು ಅವರ ವಾದ. 1980ರ ದಶಕದಲ್ಲಿ ಹಂಗೆರಿಯ ಗ್ರಾಫಿಸಾಫ್ಟ್ ಸಂಸ್ಥೆಯ ಆರ್ಕಿಕ್ಯಾಡ್, 2000ದಲ್ಲಿ ರೆವಿಟ್ ಈ ಕಲ್ಪನೆಯನ್ನು ಕಚೇರಿಗಳಿಗೆ ತಂದವು. 'ಕಟ್ಟಡ ಮಾಹಿತಿ ಮಾದರಿ' ಎಂಬ ಪದಪುಂಜವೇ 1992ರ ಒಂದು ಸಂಶೋಧನ ಪ್ರಬಂಧದಲ್ಲಿ ಬಳಕೆಯಾಗಿತ್ತು.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. 5 ಮೀಟರ್ ಉದ್ದ, 3 ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಒಂದು ಗೋಡೆ ಇದೆ ಎನ್ನಿ. ಅದರಲ್ಲಿ 1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲು. ಗೋಡೆಯ ವಿಸ್ತೀರ್ಣ 15 ಚದರ ಮೀಟರ್. ಬಾಗಿಲು ಕಳೆದರೆ 12.9. ದಪ್ಪದಿಂದ ಗುಣಿಸಿದರೆ ಗಾತ್ರ 2.58 ಘನ ಮೀಟರ್. 40 × 20 × 20 ಸೆಂಟಿಮೀಟರಿನ ಕಾಂಕ್ರೀಟ್ ಬ್ಲಾಕಿನ ಗಾತ್ರ 0.016 ಘನ ಮೀಟರ್. ಗಾರೆಯ ಕೂಡುಗೆರೆಗಳನ್ನು ಸದ್ಯಕ್ಕೆ ಬಿಟ್ಟರೆ ಸುಮಾರು 161 ಬ್ಲಾಕು ಬೇಕು. ಈಗ ಕೊಠಡಿಯನ್ನು ಅರ್ಧ ಮೀಟರ್ ಉದ್ದ ಮಾಡಲು ಮಾಲೀಕರು ಬಯಸಿದರು. ಹಳೆಯ ಕ್ರಮದಲ್ಲಿ ನಕ್ಷೆ, ಛೇದ ನೋಟ, ಎದುರು ನೋಟ, ಅಂದಾಜು ಪಟ್ಟಿ ಇವೆಲ್ಲವನ್ನೂ ಬೇರೆ ಬೇರೆಯಾಗಿ ತಿದ್ದಬೇಕು. ಒಂದನ್ನು ಮರೆತರೂ ತಪ್ಪು ಹುಟ್ಟಿತು. ಬಿಮ್‌ನಲ್ಲಿ ಗೋಡೆಯ ಉದ್ದವನ್ನು 5.5 ಎಂದು ಒಂದು ಕಡೆ ಬದಲಿಸಿದರೆ ಸಾಕು: ಗಾತ್ರ 2.88 ಘನ ಮೀಟರ್, ಬ್ಲಾಕು 180, ಎಲ್ಲ ನೋಟಗಳೂ ಹೊಸ ಅಳತೆಗೆ ಹೊಂದಿಕೊಳ್ಳುತ್ತವೆ. ಗೋಡೆಯನ್ನು ಸರಿಸಿದರೆ ಬಾಗಿಲೂ ಜೊತೆಗೇ ಸರಿಯುತ್ತದೆ.

ನಕ್ಷೆಗಳ ನಡುವಿನ ಹೊಂದಾಣಿಕೆ, ಪ್ರಮಾಣಗಳ ಲೆಕ್ಕ ಇವೆರಡರಲ್ಲಿ ಬಿಮ್‌ನ ಮೇಲ್ಮೆಯನ್ನು ಯಾರೂ ಅಲ್ಲಗಳೆಯಲಾರರು. ಹೊರಲೆಕ್ಕ ಹಾಕಿ ಬಳಲಿದ ಯಾವ ಕಿರಿಯ ಎಂಜಿನಿಯರೂ ಇದನ್ನು ಒಪ್ಪುತ್ತಾರೆ.

ಖಚಿತ ಅಂಕಿ, ಅನಿಶ್ಚಿತ ವಾಸ್ತವ

ತೊಡಕು ಆರಂಭವಾಗುವುದು ಇಲ್ಲಿಂದ ಮುಂದೆ. ಮೇಲಿನ ಲೆಕ್ಕವನ್ನು ಗಣಕ 161.25 ಎಂದು ಕೊಡುತ್ತದೆ. ಆದರೆ ಕೆಲಸದ ಜಾಗದಲ್ಲಿ ಲಾರಿಯಿಂದ ಇಳಿಸುವಾಗ ಕೆಲವು ಬ್ಲಾಕು ಒಡೆಯುತ್ತವೆ, ಬಾಗಿಲ ಬಳಿ ಕೆಲವನ್ನು ಕತ್ತರಿಸಬೇಕಾಗುತ್ತದೆ, ಗಾರೆಯ ಕೂಡುಗೆರೆ ಒಂದೆಡೆ ತೆಳ್ಳಗೆ, ಇನ್ನೊಂದೆಡೆ ದಪ್ಪ. ಪ್ರಯೋಗಾಲಯದಲ್ಲಿ ವರ್ನಿಯರ್ ಅಳತೆ ಕಲಿಸುವಾಗ ನೀವು ಒಂದು ವ್ಯತ್ಯಾಸವನ್ನು ಒತ್ತಿ ಹೇಳುತ್ತೀರಿ: ಅಳತೆಯಲ್ಲಿ ದಶಮಾಂಶ ಸ್ಥಾನಗಳು ಹೆಚ್ಚಾದ ಮಾತ್ರಕ್ಕೆ ಅದು ನಿಜ ಬೆಲೆಗೆ ಹತ್ತಿರವಾಗುವುದಿಲ್ಲ. ಬಿಮ್‌ನ ಅಂಕಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಾದರಿಯಲ್ಲಿ ಎಲ್ಲ ಗೋಡೆಗಳೂ ಸರಿಯಾಗಿ ಲಂಬ, ಎಲ್ಲ ಮೂಲೆಗಳೂ ಸರಿಯಾಗಿ 90 ಡಿಗ್ರಿ.

ಇನ್ನೊಂದು ಅಂಶ. ಮಾದರಿಯ ಪ್ರತಿ ವಸ್ತುವಿಗೂ ಗುಣಗಳ ಪಟ್ಟಿಯೊಂದು ಅಂಟಿಕೊಂಡಿರುತ್ತದೆ: ಯಾವ ಸಾಮಗ್ರಿ, ತಯಾರಕರು ಯಾರು, ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತದೆ, ಯಾವಾಗ ಬದಲಿಸಬೇಕು ಇತ್ಯಾದಿ. ಈ ಪಟ್ಟಿಯನ್ನು ತುಂಬುವವರು ಮನುಷ್ಯರು. ವಿನ್ಯಾಸದ ಕಾಲದಲ್ಲಿ ಒಂದು ಬಗೆಯ ಬಾಗಿಲನ್ನು ನಮೂದಿಸಿ, ಕಟ್ಟುವಾಗ ಅಗ್ಗದ ಬೇರೊಂದನ್ನು ಹಾಕಿದರೆ, ಯಾರಾದರೂ ಹೋಗಿ ತಿದ್ದುವವರೆಗೆ ಮಾದರಿಗೆ ಅದು ತಿಳಿಯುವುದಿಲ್ಲ. ಕಾಗದದ ನಕ್ಷೆ ತಪ್ಪಿದ್ದರೆ ಅನುಮಾನಿಸುವ ನಾವು, ಬಣ್ಣದ ಮೂರು ಆಯಾಮದ ಚಿತ್ರವನ್ನು ಅಷ್ಟು ಸುಲಭವಾಗಿ ಅನುಮಾನಿಸುವುದಿಲ್ಲ. ಇದು ಚಿಕ್ಕ ಅಪಾಯವಲ್ಲ.

ಡಿಕ್ಕಿಗಳ ಲೆಕ್ಕ

ಬಿಮ್‌ನ ಹೆಗ್ಗಳಿಕೆಗಳಲ್ಲಿ ಮೊದಲನೆಯದು 'ಡಿಕ್ಕಿ ಪತ್ತೆ'. ವಾಸ್ತುಶಿಲ್ಪಿ, ರಚನಾ ಎಂಜಿನಿಯರು, ವಿದ್ಯುತ್ ಹಾಗೂ ಹವಾನಿಯಂತ್ರಣ ಎಂಜಿನಿಯರುಗಳ ಮಾದರಿಗಳನ್ನು ಒಂದರ ಮೇಲೊಂದು ಕೂಡಿಸಿದಾಗ, ಎರಡು ಘನವಸ್ತುಗಳು ಒಂದೇ ಜಾಗವನ್ನು ಆಕ್ರಮಿಸಿದ್ದರೆ ತಂತ್ರಾಂಶ ಎಚ್ಚರಿಸುತ್ತದೆ. ತೊಲೆಯೊಳಗೆ ನುಗ್ಗಿದ ಗಾಳಿಕೊಳವೆ ಕಾಗದದ ಮೇಲೆ ಕಣ್ಣಿಗೆ ಬೀಳದೆ ಇರಬಹುದು. ಇಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಆಸ್ಪತ್ರೆ, ಮೆಟ್ರೊ ನಿಲ್ದಾಣ, ವಿಮಾನ ನಿಲ್ದಾಣಗಳಂಥ ಕೊಳವೆ ದಟ್ಟಣೆಯ ಕಟ್ಟಡಗಳಲ್ಲಿ ಇದರ ಉಪಯೋಗ ದೊಡ್ಡದು.

ಆದರೆ ಯೋಜನೆಯ ವರದಿಗಳು 'ಇಷ್ಟು ಸಾವಿರ ಡಿಕ್ಕಿಗಳನ್ನು ಪತ್ತೆ ಮಾಡಿದೆವು, ಹಾಗಾಗಿ ಇಷ್ಟು ಕೋಟಿ ಉಳಿಸಿದೆವು' ಎಂದು ಹೇಳಿದಾಗ ಎಚ್ಚರಿಕೆ ಬೇಕು. ಒಂದೇ ಕೊಳವೆ ಹತ್ತು ತೊಲೆಗಳನ್ನು ದಾಟಿದರೆ ಪಟ್ಟಿಯಲ್ಲಿ ಹತ್ತು ಡಿಕ್ಕಿಗಳಾಗುತ್ತವೆ. ಆದರೆ ತಪ್ಪು ಒಂದೇ, ಪರಿಹಾರವೂ ಒಂದೇ. ಗೋಡೆಯೊಳಗೆ ಹುದುಗಬೇಕಾದ ಸ್ವಿಚ್ಚಿನ ಡಬ್ಬಿಯೂ ಡಿಕ್ಕಿ ಎಂದೇ ಎಣಿಕೆಯಾಗಬಹುದು. ಅನುಭವಿ ಪ್ಲಂಬರ್ ಐದು ನಿಮಿಷದಲ್ಲಿ ಕೊಳವೆ ಬಗ್ಗಿಸಿ ಸರಿಪಡಿಸುತ್ತಿದ್ದ ಸಂಗತಿಗೂ, ತೊಲೆಯನ್ನೇ ಒಡೆಯಬೇಕಾಗುತ್ತಿದ್ದ ಸಂಗತಿಗೂ ಒಂದೇ ಬೆಲೆ ಕಟ್ಟಿದರೆ ಮೊತ್ತ ಎಷ್ಟಾದರೂ ಬೆಳೆಯಬಹುದು.

ಇದರ ಹಿಂದೆ ವಿಜ್ಞಾನ ವಿಧಾನಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯಿದೆ. ಹೊಸ ಗೊಬ್ಬರವೊಂದನ್ನು ಪರೀಕ್ಷಿಸಬೇಕಾದರೆ ಅದನ್ನು ಹಾಕಿದ ಮಡಿ, ಹಾಕದ ಮಡಿ ಎರಡನ್ನೂ ಪಕ್ಕಪಕ್ಕದಲ್ಲಿ ಬೆಳೆಸುತ್ತೇವೆ. ಒಂದು ವಿಮಾನ ನಿಲ್ದಾಣವನ್ನು ಬಿಮ್ ಬಳಸಿ ಒಮ್ಮೆ, ಬಳಸದೆ ಒಮ್ಮೆ ಕಟ್ಟಿ ಹೋಲಿಸಲು ಸಾಧ್ಯವಿಲ್ಲ. ಆದ್ದರಿಂದ 'ಉಳಿತಾಯ' ಎಂಬುದು ನಡೆಯದೇ ಹೋದ ಘಟನೆಯ ಅಂದಾಜು. ಅಂದಾಜು ಮಾಡುವುದು ತಪ್ಪಲ್ಲ. ಅದನ್ನು ಅಳತೆ ಎಂದು ಕರೆಯುವುದು ತಪ್ಪು.

ಇದೇ ಬಗೆಯ ಇನ್ನೊಂದು ಸಂಗತಿ, ಅಮೆರಿಕದ ವಾಸ್ತುಶಿಲ್ಪಿ ಪ್ಯಾಟ್ರಿಕ್ ಮೆಕ್ಲೀಮಿ ಅವರ ಹೆಸರಿನಲ್ಲಿ 2004ರಿಂದ ಪ್ರಚಾರಕ್ಕೆ ಬಂದ ವಕ್ರರೇಖೆ. ವಿನ್ಯಾಸದ ಶ್ರಮವನ್ನು ಆರಂಭದ ಹಂತಕ್ಕೆ ತಂದರೆ, ಬದಲಾವಣೆ ಅಗ್ಗವಾಗಿರುವಾಗಲೇ ತಪ್ಪುಗಳನ್ನು ತಿದ್ದಬಹುದು ಎಂದು ಅದು ಹೇಳುತ್ತದೆ. ಮಾತು ಒಪ್ಪುವಂಥದೇ. ಆದರೆ ಆ ಚಿತ್ರ ಒಂದು ಪರಿಕಲ್ಪನೆಯ ರೇಖಾಚಿತ್ರ. ಅಕ್ಷಗಳ ಮೇಲೆ ಅಳತೆಯಿಂದ ಬಂದ ಅಂಕಿಗಳಿಲ್ಲ. ನಿಮ್ಮ ವಿದ್ಯಾರ್ಥಿ ಅಂಕಿಯಿಲ್ಲದ ಅಕ್ಷಗಳ ಮೇಲೆ ನಕ್ಷೆ ಎಳೆದು ತಂದರೆ ನೀವು ಅಂಕ ಕೊಡುತ್ತೀರಾ?

'ನಾಲ್ಕನೆಯ ಆಯಾಮ', 'ಐದನೆಯ ಆಯಾಮ' ಎಂಬ ಮಾತುಗಳನ್ನೂ ಹೀಗೆಯೇ ನೋಡಬೇಕು. ಮಾದರಿಗೆ ಕಾಲವನ್ನು ಸೇರಿಸಿದರೆ 4ಡಿ, ವೆಚ್ಚವನ್ನು ಸೇರಿಸಿದರೆ 5ಡಿ ಎನ್ನುತ್ತಾರೆ. ಆರನೆಯದು ಯಾವುದು ಎಂಬುದರಲ್ಲಿ ಒಮ್ಮತವಿಲ್ಲ; ಕೆಲವರಿಗೆ ಅದು ಇಂಧನ ಮತ್ತು ಪರಿಸರ, ಇನ್ನು ಕೆಲವರಿಗೆ ನಿರ್ವಹಣೆ. ಗಣಿತದಲ್ಲಿ ಆಯಾಮವೆಂದರೆ ಉಳಿದವುಗಳಿಂದ ಸ್ವತಂತ್ರವಾದ ನಿರ್ದೇಶಾಂಕ. ವೆಚ್ಚ ಸ್ವತಂತ್ರವಲ್ಲ, ಅದು ಪ್ರಮಾಣ ಮತ್ತು ದರಗಳ ಗುಣಲಬ್ಧ. ಹಾಗಾಗಿ ಇದು ಮಾರಾಟದ ಭಾಷೆಯೆಂದು ತಿಳಿದು ಮುಂದೆ ಸಾಗಬಹುದು.

ಸಿಡ್ನಿಯಲ್ಲಿ ಒಡೆದ ಕಂಬಗಳು

ಮಾದರಿಗೆ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂಬುದನ್ನು ಅರಿಯಲು ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸ್ ಒಳ್ಳೆಯ ಉದಾಹರಣೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾರ್ನ್ ಉಟ್ಸನ್ 1957ರಲ್ಲಿ ಇದರ ವಿನ್ಯಾಸ ಸ್ಪರ್ಧೆಯನ್ನು ಗೆದ್ದರು. 1959ರಲ್ಲಿ ಕೆಲಸ ಆರಂಭವಾಗಿ 1973ರಲ್ಲಿ ಮುಗಿಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರು ಎಂದಿದ್ದ ಅಂದಾಜು ಕೊನೆಗೆ 10.2 ಕೋಟಿ ಡಾಲರು ಮುಟ್ಟಿತು.

ಆದ ಎಡವಟ್ಟುಗಳಲ್ಲಿ ಒಂದನ್ನು ಗಮನಿಸಿ. ಹಾಯಿಗಳಂತೆ ಕಾಣುವ ಚಾವಣಿ ಚಿಪ್ಪುಗಳ ಆಕಾರ ಇನ್ನೂ ನಿರ್ಧಾರವಾಗುವ ಮೊದಲೇ ಕೆಳಗಿನ ಜಗಲಿಯ ಕೆಲಸ ಆರಂಭವಾಯಿತು. ಚಿಪ್ಪುಗಳ ಭಾರ ಎಷ್ಟು, ಅದು ಯಾವ ಬಿಂದುಗಳಲ್ಲಿ ಇಳಿಯುತ್ತದೆ ಎಂಬುದು ತಿಳಿಯದೆಯೇ ಕಂಬಗಳನ್ನು ಎಬ್ಬಿಸಲಾಯಿತು. ಮುಂದೆ ಅವು ಸಾಕಷ್ಟು ಬಲವಾಗಿಲ್ಲವೆಂದು ಗೊತ್ತಾಗಿ ಒಡೆದು ಮತ್ತೆ ಕಟ್ಟಬೇಕಾಯಿತು.

ಅಂದು ಬಿಮ್ ಇದ್ದಿದ್ದರೆ ಈ ನಷ್ಟ ತಪ್ಪುತ್ತಿತ್ತೇ? ತಪ್ಪುತ್ತಿರಲಿಲ್ಲ ಎಂದೇ ಹೇಳಬೇಕು. ಕೊಳವೆ, ತೊಲೆಗಳ ನಡುವಿನ ಡಿಕ್ಕಿಯನ್ನು ತಂತ್ರಾಂಶ ಹುಡುಕಬಲ್ಲದು. ಇನ್ನೂ ತೆಗೆದುಕೊಳ್ಳದ ನಿರ್ಧಾರದೊಂದಿಗೆ ಡಿಕ್ಕಿಯನ್ನು ಹುಡುಕಲಾರದು. ಕಂಬಗಳನ್ನು ಒಡೆಸಿದ್ದು ನಕ್ಷೆಯ ಕೊರತೆಯಲ್ಲ, ಅವಸರ. ಕೊನೆಗೆ ಬಿಡುಗಡೆ ಸಿಕ್ಕಿದ್ದು ರೇಖಾಗಣಿತದಿಂದ. ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದ ಮೇಲ್ಮೈಯಿಂದ ಕತ್ತರಿಸಿದ ಭಾಗಗಳೆಂದು ಭಾವಿಸುವ ಉಪಾಯ 1961ರಲ್ಲಿ ಹೊಳೆಯಿತು. ಗೋಳದ ಮೇಲ್ಮೈಯ ವಕ್ರತೆ ಎಲ್ಲೆಡೆ ಒಂದೇ ಆದ್ದರಿಂದ ಅವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಕಾಂಕ್ರೀಟ್ ಎರಕ ಹೊಯ್ದು ಪಕ್ಕೆಲುಬುಗಳನ್ನು ತಯಾರಿಸುವುದು ಸಾಧ್ಯವಾಯಿತು. ರಚನೆಯ ಹೊಣೆ ಹೊತ್ತ ಓವ್ ಆರಪ್ ಸಂಸ್ಥೆಯ ಎಂಜಿನಿಯರುಗಳು ವಿಶ್ಲೇಷಣೆಗೆ ಗಣಕಯಂತ್ರವನ್ನು ಬಳಸಿದರು. ಗಣಕವನ್ನು ಹೀಗೆ ಬಳಸಿದ ಮೊದಮೊದಲ ದೊಡ್ಡ ಕಟ್ಟಡಗಳಲ್ಲಿ ಇದೂ ಒಂದು. ಆದರೆ ಯಾವ ಆಕಾರವನ್ನು ವಿಶ್ಲೇಷಿಸಬೇಕು ಎಂಬುದನ್ನು ಯಂತ್ರ ಹೇಳಲಿಲ್ಲ.

ಡಿಕ್ಕಿಯೇ ಇಲ್ಲದ ತಪ್ಪು

ಇನ್ನೂ ಕಹಿಯಾದ ಉದಾಹರಣೆ ಅಮೆರಿಕದ ಕಾನ್ಸಾಸ್ ಸಿಟಿಯದು. 1981ರ ಜುಲೈ 17ರಂದು ಅಲ್ಲಿಯ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಎರಡು ಕಾಲುಸೇತುವೆಗಳು ಕುಸಿದು 114 ಜನ ಸತ್ತರು. ನಾಲ್ಕನೆಯ ಮಹಡಿಯ ಸೇತುವೆ ಮೇಲೆ, ಎರಡನೆಯ ಮಹಡಿಯದು ಅದರ ಕೆಳಗೆ. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದದ ಉಕ್ಕಿನ ಸರಳು ಎರಡೂ ಸೇತುವೆಗಳನ್ನು ಹಿಡಿದಿರಬೇಕಿತ್ತು. ತಯಾರಿಕೆಯ ಅನುಕೂಲಕ್ಕಾಗಿ ಅದನ್ನು ಎರಡು ಸರಳುಗಳನ್ನಾಗಿ ಬದಲಿಸಲಾಯಿತು: ಒಂದು ಚಾವಣಿಯಿಂದ ಮೇಲಿನ ಸೇತುವೆಗೆ, ಇನ್ನೊಂದು ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ.

ಇದರ ಪರಿಣಾಮವನ್ನು ತರಗತಿಯಲ್ಲಿ ಹೀಗೆ ವಿವರಿಸಬಹುದು. ಒಂದೇ ಹಗ್ಗವನ್ನು ಹಿಡಿದು ಇಬ್ಬರು ಮೇಲೆ ಕೆಳಗೆ ನೇತಾಡುತ್ತಿದ್ದಾರೆ. ಪ್ರತಿಯೊಬ್ಬರ ಕೈಯೂ ತನ್ನ ತೂಕವನ್ನಷ್ಟೇ ಹೊರುತ್ತದೆ. ಈಗ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲಿಗೆ ಜೋತುಬಿದ್ದರೆ? ಹಗ್ಗದ ಮೇಲಿನ ಒಟ್ಟು ಭಾರ ಮೊದಲಿನಷ್ಟೇ, ಆದರೆ ಮೇಲಿನವನ ಕೈ ಇಬ್ಬರ ತೂಕವನ್ನೂ ಹೊರಬೇಕು. ಮೇಲಿನ ಸೇತುವೆಯ ತೊಲೆಯ ಕೆಳಗಿದ್ದ ನಟ್ಟಿಗೆ ಆದದ್ದು ಇದೇ. ಮೂಲ ವಿನ್ಯಾಸವೂ ನಗರದ ಕಟ್ಟಡ ನಿಯಮ ಕೇಳಿದ ಕನಿಷ್ಠ ಭಾರದ ಸುಮಾರು 60 ಶೇಕಡವನ್ನಷ್ಟೇ ತಾಳುತ್ತಿತ್ತು ಎಂದು ತನಿಖೆಯಲ್ಲಿ ಕಂಡುಬಂತು. ಬದಲಾವಣೆ ಅದನ್ನು ಇನ್ನೂ ದುರ್ಬಲಗೊಳಿಸಿತು.

ಇಂದಿನ ಡಿಕ್ಕಿ ಪತ್ತೆ ತಂತ್ರಾಂಶಕ್ಕೆ ಈ ಎರಡು ಸರಳುಗಳ ಮಾದರಿಯನ್ನು ಕೊಟ್ಟರೆ ಏನಾಗುತ್ತದೆ? ಯಾವ ಎಚ್ಚರಿಕೆಯೂ ಬರುವುದಿಲ್ಲ. ಅಲ್ಲಿ ಒಂದು ವಸ್ತು ಇನ್ನೊಂದರೊಳಗೆ ನುಗ್ಗಿಲ್ಲ, ಎಲ್ಲವೂ ಅಚ್ಚುಕಟ್ಟಾಗಿದೆ. ಬಲಗಳು ಹೇಗೆ ಹರಿಯುತ್ತವೆ ಎಂಬುದನ್ನು ಯಾರಾದರೂ ಕುಳಿತು ಲೆಕ್ಕ ಹಾಕಿದರೆ ಮಾತ್ರ ತಪ್ಪು ಕಾಣುತ್ತದೆ. ಬದಲಾವಣೆ ಯಾವಾಗ ಆಯಿತು, ಯಾರು ಒಪ್ಪಿಗೆ ಕೊಟ್ಟರು ಎಂಬ ದಾಖಲೆಯನ್ನು ಬಿಮ್ ಇಟ್ಟುಕೊಳ್ಳಬಲ್ಲದು, ಅದು ಬೆಲೆಯುಳ್ಳದ್ದೇ. ಆದರೆ ಒಪ್ಪಿಗೆ ಕೊಡುವವರು ಒಮ್ಮೆ ಮುಕ್ತಕಾಯ ಚಿತ್ರ ಬರೆದು ನೋಡುವ ಅಭ್ಯಾಸವನ್ನು ಯಾವ ತಂತ್ರಾಂಶವೂ ಬದಲಿಸಲಾರದು.

ಬೀಗದ ಕೈ ಕೊಟ್ಟ ಮೇಲೆ

ಇಷ್ಟರವರೆಗೆ ವಿನ್ಯಾಸದ ಮಾತಾಯಿತು. ನನ್ನ ಅಭಿಪ್ರಾಯದಲ್ಲಿ ಬಿಮ್‌ನ ನಿಜವಾದ ಹುರುಳಿರುವುದು ಕಟ್ಟಡದ ನಿರ್ವಹಣೆಯಲ್ಲಿ. ವಿಪರ್ಯಾಸವೆಂದರೆ, ಅತ್ಯಂತ ಕಡಿಮೆ ಗಮನ ಸಿಕ್ಕಿರುವುದೂ ಅದಕ್ಕೇ. ಕಟ್ಟಡವನ್ನು ಕಟ್ಟಲು ಎರಡು ಮೂರು ವರ್ಷ ಹಿಡಿಯಬಹುದು; ಅದನ್ನು ಬಳಸುವುದು ಐವತ್ತು, ನೂರು ವರ್ಷ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಟ್ಟಡ ಮಾಹಿತಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗದಿರುವುದರಿಂದ ಆ ದೇಶದ ದೊಡ್ಡ ಕಟ್ಟಡಗಳ ವಲಯಕ್ಕೆ 2002ರಲ್ಲಿ ಆದ ನಷ್ಟ 1,580 ಕೋಟಿ ಡಾಲರು. ಇದೂ ಸಂದರ್ಶನ, ಸಮೀಕ್ಷೆಗಳಿಂದ ಬಂದ ಅಂದಾಜೇ. ಆದರೆ ಅದರ ಹಂಚಿಕೆಯನ್ನು ನೋಡಿ: ಸುಮಾರು ಮೂರನೆಯ ಎರಡು ಭಾಗ, ಅಂದರೆ 1,060 ಕೋಟಿ ಡಾಲರು, ಬಿದ್ದದ್ದು ಕಟ್ಟಡಗಳ ಮಾಲೀಕರು ಮತ್ತು ನಿರ್ವಾಹಕರ ಮೇಲೆ. ವಿನ್ಯಾಸಕಾರರಿಗೂ ಗುತ್ತಿಗೆದಾರರಿಗೂ ತಟ್ಟಿದ್ದು ಉಳಿದ ಪಾಲು ಮಾತ್ರ. ತಂತ್ರಾಂಶವನ್ನು ಕೊಳ್ಳುವವರು ಒಬ್ಬರು, ಮಾಹಿತಿಯಿಲ್ಲದೆ ಕಷ್ಟಪಡುವವರು ಇನ್ನೊಬ್ಬರು. ನಿರ್ವಹಣೆ ಏಕೆ ಹಿಂದೆ ಬಿದ್ದಿದೆ ಎಂಬುದಕ್ಕೆ ಇದೇ ಉತ್ತರ.

ಇಲ್ಲಿಯೂ ಸಿಡ್ನಿಯೇ ನೆರವಿಗೆ ಬರುತ್ತದೆ. 2005ರಿಂದ 2007ರವರೆಗೆ ಆಸ್ಟ್ರೇಲಿಯಾದ ನಿರ್ಮಾಣ ನಾವೀನ್ಯದ ಸಹಕಾರಿ ಸಂಶೋಧನ ಕೇಂದ್ರ ಒಪೆರಾ ಹೌಸನ್ನು ಮಾದರಿ ಪ್ರಕರಣವಾಗಿ ಎತ್ತಿಕೊಂಡು, ನಿರ್ವಹಣೆಗೆ ಬೇಕಾದ ಮಾಹಿತಿಯನ್ನು ಒಂದು ಅಂಕೀಯ ಮಾದರಿಗೆ ಜೋಡಿಸಬಹುದೇ ಎಂದು ಪರಿಶೀಲಿಸಿತು. ಮುಕ್ತ ಮಾನಕಗಳ ಮೂಲಕ ಇದು ಸಾಧ್ಯ, ಪ್ರಯೋಜನಕರವೂ ಹೌದು ಎಂಬುದು 2007ರ ವರದಿಯ ನಿಲುವು. ಕಟ್ಟಡ ಆರಂಭವಾಗಿ ಮೂರು ದಶಕ ಕಳೆದ ಮೇಲೆ ಈ ಪ್ರಯತ್ನ ನಡೆಯಿತೆಂಬುದು ಗಮನಾರ್ಹ. ಬಿಮ್ ಹೊಸ ಕಟ್ಟಡಕ್ಕೆ ಮಾತ್ರ, ವಿನ್ಯಾಸದ ಮೊದಲ ದಿನದಿಂದಲೇ ಬೇಕು ಎಂಬ ನಂಬಿಕೆ ಇದರಿಂದ ಸಡಿಲವಾಗುತ್ತದೆ. ಹಳೆಯ ಕಟ್ಟಡಕ್ಕೂ ಮಾಹಿತಿ ಮಾದರಿ ಮಾಡಬಹುದು.

ಎಷ್ಟು ವಿವರ ಬೇಕು ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಒಪೆರಾ ಹೌಸಿನ ಚಿಪ್ಪುಗಳ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಹೆಂಚುಗಳಿವೆ. ಪ್ರತಿಯೊಂದನ್ನೂ ಮಾದರಿಯಲ್ಲಿ ಬಿಡಿಸಿದರೆ ಚಿತ್ರ ಚೆನ್ನಾಗಿ ಕಾಣಬಹುದು. ಆದರೆ ನಿರ್ವಾಹಕರಿಗೆ ಬೇಕಾದದ್ದು ಚಾವಣಿಯ ಯಾವ ಭಾಗವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಲಾಯಿತು, ಏನು ಕಂಡಿತು, ಮುಂದಿನ ಪರೀಕ್ಷೆ ಯಾವಾಗ ಎಂಬುದು. ಅನಗತ್ಯ ವಿವರ ಅಗತ್ಯದ ವಿವರವನ್ನು ಮುಚ್ಚಿಹಾಕುತ್ತದೆ. ಅಮೆರಿಕದ ಸೇನಾ ಎಂಜಿನಿಯರುಗಳ ದಳದಲ್ಲಿ 2007ರ ಹೊತ್ತಿಗೆ ರೂಪುಗೊಂಡ 'ಕೋಬಿ' ಎಂಬ ಹಸ್ತಾಂತರ ಕ್ರಮ ಸಾಮಾನ್ಯ ಕೋಷ್ಟಕದ ರೂಪದಲ್ಲೂ ಸಿಗುತ್ತದೆ: ಕೊಠಡಿ, ಅದರಲ್ಲಿರುವ ಸಾಧನ, ತಯಾರಕರು, ಖಾತರಿಯ ಅವಧಿ. ಕೀಲಿ ಹಸ್ತಾಂತರದ ದಿನ ಇಂಥ ಕೋಷ್ಟಕ ಕೈಗೆ ಬಂದರೆ ನಿರ್ವಾಹಕರ ಅರ್ಧ ಕೆಲಸ ಮುಗಿದಂತೆ.

ಮಾಹಿತಿ ಇಲ್ಲದಿದ್ದರೆ ಆಗುವ ಹಾನಿ ಹಣದ್ದು ಮಾತ್ರವಲ್ಲ. 2017ರ ಜೂನ್ 14ರಂದು ಲಂಡನ್ನಿನ 24 ಮಹಡಿಗಳ ಗ್ರೆನ್‌ಫೆಲ್ ಗೋಪುರದಲ್ಲಿ ಬೆಂಕಿ ಹತ್ತಿ 72 ಜನ ಪ್ರಾಣ ಕಳೆದುಕೊಂಡರು. ನವೀಕರಣದ ವೇಳೆ ಹೊರಗೋಡೆಗೆ ಹೊದಿಸಿದ್ದ, ಪಾಲಿಎಥಿಲೀನ್ ತಿರುಳಿನ ಅಲ್ಯೂಮಿನಿಯಂ ಹಾಳೆಗಳೇ ಬೆಂಕಿ ಹರಡಲು ಮುಖ್ಯ ಕಾರಣವೆಂದು ವಿಚಾರಣೆ ತಿಳಿಸಿತು. ಮರುವರ್ಷ ಜೂಡಿತ್ ಹ್ಯಾಕಿಟ್ ಅವರ ಪರಿಶೀಲನಾ ವರದಿ, ಕಟ್ಟಡದ ಸುರಕ್ಷತೆಯ ಮಾಹಿತಿ ವಿನ್ಯಾಸದಿಂದ ಬಳಕೆಯವರೆಗೆ ಕಡಿಯದ 'ಚಿನ್ನದ ಎಳೆ'ಯಾಗಿ ಅಂಕೀಯ ರೂಪದಲ್ಲಿ ಉಳಿಯಬೇಕೆಂದು ಸೂಚಿಸಿತು. 2022ರ ಕಟ್ಟಡ ಸುರಕ್ಷತಾ ಕಾಯಿದೆಯ ಮೂಲಕ ಬ್ರಿಟನ್ ಇದಕ್ಕೆ ಕಾನೂನಿನ ಬಲ ಕೊಟ್ಟಿತು. 2011ರ ಸರ್ಕಾರಿ ನೀತಿಯಂತೆ 2016ರ ವೇಳೆಗೆ ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ಬಿಮ್ ಕಡ್ಡಾಯ ಮಾಡಿದ್ದ ದೇಶ ಅದು ಎಂಬುದನ್ನು ಮರೆಯಬಾರದು. ವೆಚ್ಚ ಉಳಿತಾಯದ ಹೆಸರಿನಲ್ಲಿ ಬಂದ ವಿಧಾನಕ್ಕೆ ಜೀವ ಉಳಿಸುವ ಹೊಣೆ ಸೇರಿದ್ದು ದುರಂತದ ನಂತರ.

ಇನ್ನೊಂದು ಸಂಗತಿ ಯೋಚಿಸುವಂಥದು. ಗ್ರೆನ್‌ಫೆಲ್ ವಿಚಾರಣೆಯ 2019ರ ವರದಿ, ಎತ್ತರದ ವಸತಿ ಕಟ್ಟಡಗಳ ಮಹಡಿ ನಕ್ಷೆಗಳನ್ನು ಅಗ್ನಿಶಾಮಕ ದಳಕ್ಕೆ ಅಂಕೀಯ ರೂಪದಲ್ಲಿ ಮಾತ್ರವಲ್ಲ, ಕಾಗದದಲ್ಲೂ ಕೊಡಬೇಕೆಂದು ಶಿಫಾರಸು ಮಾಡಿತು. ವಿದ್ಯುತ್ ಕಡಿದ ರಾತ್ರಿಯಲ್ಲೂ ಕಾಗದವನ್ನು ಓದಬಹುದು. ಯಾವ ಹಾಳೆಯ ತಿರುಳು ಯಾವುದು ಎಂದು ಮಾದರಿಯಲ್ಲಿ ಬರೆದಿಡುವುದು ಸುಲಭ. ಅದನ್ನು ಓದಿ 'ಇದು ಬೇಡ' ಎನ್ನುವ ಅಧಿಕಾರ ಮತ್ತು ಧೈರ್ಯ ಇರುವವರೊಬ್ಬರು ಬೇಕು.

ಕಡತದ ಆಯುಸ್ಸು

ಇಲ್ಲಿ ಕಠಿಣವಾದ ಪ್ರಶ್ನೆಯೊಂದಿದೆ. ನೂರು ವರ್ಷ ಬಾಳುವ ಕಟ್ಟಡದ ಮಾಹಿತಿಯನ್ನು ಹತ್ತು ವರ್ಷವೂ ಬಾಳದ ತಂತ್ರಾಂಶದ ಕಡತದಲ್ಲಿ ಇಟ್ಟರೆ ಹೇಗೆ? ಬಟ್ಟೆಯ ಮೇಲೆ ಬರೆದ ಹಳೆಯ ನಕ್ಷೆಯನ್ನು ಇಂದಿಗೂ ಬಿಚ್ಚಿ ನೋಡಬಹುದು. ಇಪ್ಪತ್ತು ವರ್ಷದ ಹಿಂದಿನ ಫ್ಲಾಪಿಯಲ್ಲಿರುವ ಕಡತವನ್ನು ಇಂದು ತೆರೆಯಬಲ್ಲವರು ಎಷ್ಟು ಜನ? ಒಂದೇ ಕಂಪನಿಯ ತಂತ್ರಾಂಶದ ಗುಪ್ತ ರೂಪದಲ್ಲಿ ಮಾಹಿತಿ ಉಳಿದರೆ, ಕಟ್ಟಡದ ಮಾಲೀಕರು ಆ ಕಂಪನಿಗೆ ವರ್ಷವರ್ಷ ಶುಲ್ಕ ಕಟ್ಟುತ್ತಲೇ ಇರಬೇಕಾಗುತ್ತದೆ. ಸಾರ್ವಜನಿಕ ಹಣದಿಂದ ಕಟ್ಟಿದ ಆಸ್ಪತ್ರೆಯ ಮಾಹಿತಿಗೆ ಹೀಗಾಗುವುದು ಸರಿಯಲ್ಲ.

ಇದಕ್ಕೆ ಉತ್ತರವಾಗಿ ಐಎಫ್‌ಸಿ ಎಂಬ ಮುಕ್ತ ಮಾನಕ ಬೆಳೆದಿದೆ. ಯಾವ ತಂತ್ರಾಂಶವೂ ಬರೆಯಬಹುದಾದ, ಯಾವುದೂ ಓದಬಹುದಾದ ರೂಪ ಇದು. 2013ರಲ್ಲಿ ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಮಾಹಿತಿಯನ್ನು ಯಾರು, ಯಾವಾಗ, ಯಾರಿಗೆ ಒಪ್ಪಿಸಬೇಕು ಎಂಬ ಕ್ರಮಗಳನ್ನು 2018ರಿಂದ ಬಂದ ಐಎಸ್‌ಒ 19650 ಸರಣಿ ಹೇಳುತ್ತದೆ. ಆದರೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಐಎಫ್‌ಸಿ ಮೂಲಕ ಸಾಗಿಸುವಾಗ ಕೆಲವು ಗುಣಗಳು ಬಿದ್ದುಹೋಗುವುದು, ಗೋಡೆ ಬರಿಯ ಘನಾಕೃತಿಯಾಗಿ ಬದಲಾಗುವುದು ಬಳಸುವವರಿಗೆ ತಿಳಿದ ವಿಷಯ. ಮಾನಕ ಇದೆ ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಾಗಿಸಿದ ಮೇಲೆ ಪರಿಶೀಲಿಸಲೇಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಇದೇಕೆ?

ನಮ್ಮ ದೇಶದಲ್ಲೂ ಬಿಮ್ ಕಾಲಿಟ್ಟಿದೆ. ನಾಗಪುರ ಮೆಟ್ರೊ ಯೋಜನೆ 5ಡಿ ಬಿಮ್ ಬಳಸಿದ್ದಕ್ಕೆ ಹೆಸರಾಯಿತು. ಬೆಂಗಳೂರೂ ಸೇರಿದಂತೆ ನಮ್ಮ ನಗರಗಳ ಹಲವು ಕಚೇರಿಗಳು ಹೊರದೇಶಗಳ ಕಟ್ಟಡಗಳಿಗೆ ಇಂಥ ಮಾದರಿಗಳನ್ನು ಸಿದ್ಧಪಡಿಸಿ ಕಳಿಸುತ್ತವೆ. ಸಿವಿಲ್ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇದರಿಂದ ಕೆಲಸ ಸಿಗುತ್ತಿರುವುದು ಸಂತೋಷದ ಸಂಗತಿ. ಆದರೆ ಅಪಾಯವೂ ಇದೆ. ಎಂದೂ ನೋಡದ ಕಟ್ಟಡಕ್ಕೆ, ಎಂದೂ ಹೋಗದ ಊರಿನ ನಿಯಮದಂತೆ, ತಾನು ಎಂದೂ ಕೈಯಲ್ಲಿ ಹಿಡಿಯದ ಕೊಳವೆಯನ್ನು ತೆರೆಯ ಮೇಲೆ ಜೋಡಿಸುತ್ತ ವರ್ಷಗಳನ್ನು ಕಳೆದರೆ ಆ ಯುವಕ, ಯುವತಿಯರು ತಂತ್ರಾಂಶದ ಗುಂಡಿಗಳನ್ನು ಕಲಿಯುತ್ತಾರೆ, ಎಂಜಿನಿಯರಿಂಗನ್ನು ಮರೆಯುತ್ತಾರೆ. ತಂತ್ರಾಂಶದ ಆವೃತ್ತಿ ಬದಲಾದಾಗ ಮೊದಲು ತೊಂದರೆಗೊಳಗಾಗುವವರೂ ಅವರೇ.

ಹಾಗಾಗಿ ಬಿಮ್ ಕಲಿಸಬಾರದೆಂದಲ್ಲ. ಬಲ, ಭಾರ, ಬಾಗುವಿಕೆ, ಇಟ್ಟಿಗೆಯ ಕಟ್ಟು, ಕೊಳವೆಯ ಇಳಿಜಾರು ಇವುಗಳ ತಿಳಿವಳಿಕೆಯ ಮೇಲೆ ಬಿಮ್ ಕಲಿಸಬೇಕು. ಮಾದರಿ ಕೊಟ್ಟ ಉತ್ತರವನ್ನು ಕಾಗದದ ಮೇಲೆ ಒರಟಾಗಿ ಲೆಕ್ಕ ಹಾಕಿ ಹೋಲಿಸುವ ಅಭ್ಯಾಸ ಬೆಳೆಯಬೇಕು. ಮೇಲಿನ 161 ಬ್ಲಾಕುಗಳ ಲೆಕ್ಕಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಉಳಿಸಲು ಹೋದವರು ಕಂಬ ಒಡೆಯಬೇಕಾಗಬಹುದು.

ಶಿಕ್ಷಕರಿಗೆ ಒಂದು ಸಲಹೆ. ದುಬಾರಿ ತಂತ್ರಾಂಶವಿಲ್ಲದೆಯೂ ಕಟ್ಟಡ ಮಾಹಿತಿಯ ಪಾಠ ಮಾಡಬಹುದು. ನಿಮ್ಮ ಶಾಲೆಯ ಕಟ್ಟಡವನ್ನೇ ಎತ್ತಿಕೊಳ್ಳಿ. ವಿದ್ಯಾರ್ಥಿಗಳು ಟೇಪು ಹಿಡಿದು ಅಳೆದು ಪ್ರಮಾಣಬದ್ಧ ನಕ್ಷೆ ಬರೆಯಲಿ. ಪ್ರತಿ ಕೊಠಡಿಗೂ ಒಂದು ಸಂಖ್ಯೆ ಕೊಡಲಿ; ಆ ಸಂಖ್ಯೆ ನಕ್ಷೆಯಲ್ಲಿ, ಬಾಗಿಲ ಮೇಲೆ, ವಹಿಯಲ್ಲಿ ಒಂದೇ ಆಗಿರಲಿ. ನಂತರ ಒಂದು ಕೋಷ್ಟಕ ಮಾಡಿ: ಕಿಟಕಿ ಬಾಗಿಲುಗಳ ಅಳತೆ, ಚಾವಣಿಯ ಬಗೆ, ಸೋರುವ ಜಾಗ, ನೀರಿನ ತೊಟ್ಟಿ ತೊಳೆದ ದಿನ, ವಿದ್ಯುತ್ತಿನ ಮುಖ್ಯ ಸ್ವಿಚ್ಚು ಇರುವ ಸ್ಥಳ, ಬೆಂಕಿ ಆರಿಸುವ ಸಾಧನದ ಅವಧಿ ಮುಗಿಯುವ ತಾರೀಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ಅದನ್ನು ತಿದ್ದಬೇಕು. ತಿದ್ದಿದವರ ಹೆಸರು, ದಿನಾಂಕ ಬರೆಯಬೇಕು.

ಒಂದು ವರ್ಷ ಕಳೆದ ಮೇಲೆ ಆ ಕೋಷ್ಟಕವನ್ನು ಹಿಡಿದು ಕಟ್ಟಡವನ್ನು ಸುತ್ತಿ ಬನ್ನಿ. ಬರೆದದ್ದಕ್ಕೂ ಕಂಡದ್ದಕ್ಕೂ ಎಷ್ಟು ಕಡೆ ವ್ಯತ್ಯಾಸವಿದೆ ಎಂದು ವಿದ್ಯಾರ್ಥಿಗಳೇ ಎಣಿಸಲಿ. ವ್ಯತ್ಯಾಸ ಕಡಿಮೆ ಇದ್ದರೆ ಅದು ಒಳ್ಳೆಯ ಮಾದರಿ. ಕೋಟಿ ರೂಪಾಯಿಯ ಬಿಮ್ ಮಾದರಿಯನ್ನು ಅಳೆಯಬೇಕಾದದ್ದೂ ಇದೇ ಕೋಲಿನಿಂದ.